ಮಗ ನಶೆಗೆ ಬಿದ್ದಿದ್ದಾನೆ ಅನಿಸಿದರೆ ಏನು ಮಾಡಬೇಕು? ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಪಾಲಕರಿಗೆ ಒಂದು ಮಾರ್ಗದರ್ಶಿ

ಹುಡುಗನ ಮೇಲೆ ಅನುಮಾನ ಬಂದ ದಿನಕ್ಕೂ ಅವನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದ ದಿನಕ್ಕೂ ನಡುವೆ ನಮ್ಮ ಕಡೆ ತಿಂಗಳುಗಟ್ಟಲೆ ಕಳೆದುಹೋಗುತ್ತದೆ. ಕೆಲವು ಮನೆಗಳಲ್ಲಿ ವರ್ಷಗಟ್ಟಲೆ. ಮೊದಲು ಅವ್ವನಿಗೆ ಗೊತ್ತಾಗುತ್ತದೆ, ಅವಳು ಅಪ್ಪನಿಗೆ ಹೇಳುವುದಿಲ್ಲ. ಅಪ್ಪನಿಗೆ ಗೊತ್ತಾದ ದಿನ ಹುಡುಗನಿಗೆ ಬಡಿತ ಬೀಳುತ್ತದೆ. ಮರುದಿನ ಮನೆದೇವರ ಮುಂದೆ ಆಣೆ. ಆಮೇಲೆ ಒಂದಿಷ್ಟು ದಿನ ಸೋದರಮಾವನ ಊರು. ತಿರುಗಿ ಬಂದರೆ ಅದೇ ಕಟ್ಟೆ, ಅದೇ ಗೆಳೆಯರು. ಇಷ್ಟರಲ್ಲಿ ಹುಡುಗ ತಂಬಾಕಿನ ಮಾವಾದಿಂದ ನಶೆಯ ಗುಳಿಗೆಗೆ ಬಂದಿರುತ್ತಾನೆ. "ನಾಕ ಮಂದಿ ಏನಂದಾರು" ಅನ್ನೋ ಅಂಜಿಕೆಯಲ್ಲೇ ಇಷ್ಟೂ ಕಾಲ ಹೋಗಿರುತ್ತದೆ.

ನಾನು ವಿಜಯಪುರ ಜಿಲ್ಲೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಪಾಠ ಹೇಳುವವನು. ಪಾಲಕರ ಸಭೆ ಮುಗಿದ ಮೇಲೆ ಒಬ್ಬಿಬ್ಬರು ಹಿಂದೆ ಉಳಿಯುತ್ತಾರೆ. ಎಲ್ಲರೂ ಹೋದರಾ ಅಂತ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಸರ್, ಒಂದ್ ಮಾತ್ ಕೇಳೂದಿತ್ರಿ" ಅನ್ನುತ್ತಾರೆ. ಅವರು ಕೇಳುವ ಪ್ರಶ್ನೆಗಳಿಗೆ ನಾನು ಹೇಳುವುದನ್ನೇ ಇಲ್ಲಿ ಒಂದರ ಹಿಂದೆ ಒಂದು ಬರೆದಿದ್ದೇನೆ. ಹುಡುಗ ಅಂತ ಬರೆದಿದ್ದರೂ ಹುಡುಗಿಯರ ಮಾತೂ ಇದೇ. ಅವರ ವಿಷಯ ಮನೆಯವರು ಮುಚ್ಚಿಡುವುದು ಇನ್ನೂ ಜಾಸ್ತಿ, ಮುಂದೆ ಲಗ್ನ ಆಗಬೇಕಲ್ಲ ಅಂತ.

ಹೆಜ್ಜೆ 1: ನಮ್ಮ ಕಡೆ ಮಕ್ಕಳ ಕೈಗೆ ಏನು ಸಿಗುತ್ತದೆ, ತಿಳಿದುಕೊಳ್ಳಿ

ಡ್ರಗ್ಸ್ ಅಂದ ಕೂಡಲೇ ಬೆಂಗಳೂರು, ಗೋವಾ, ರಾತ್ರಿ ಪಾರ್ಟಿ, ಸಿನಿಮಾದ ಬಿಳಿ ಪುಡಿ ನೆನಪಿಗೆ ಬರುತ್ತದೆ. ನಮ್ಮ ಮಕ್ಕಳ ನಶೆ ಅಷ್ಟು ದುಬಾರಿ ಅಲ್ಲ. ಅದು ಪಾನ್ ಅಂಗಡಿಯಲ್ಲಿ, ಸ್ಟೇಷನರಿಯಲ್ಲಿ, ಪಂಕ್ಚರ್ ಅಂಗಡಿಯಲ್ಲಿ, ಮೆಡಿಕಲ್‌ನಲ್ಲಿ ಸಿಗುತ್ತದೆ.

ಸುರುವಾಗುವುದು ಬಹುಪಾಲು ಮಾವಾ, ಗುಟ್ಕಾದಿಂದ. ಅಡಿಕೆ ಚೂರು, ತಂಬಾಕು, ಸುಣ್ಣ ಸೇರಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ತಿಕ್ಕಿ ಕೊಡುವ ಮಾವಾವನ್ನು ನಾವು ಚಟ ಅಂತ ಎಣಿಸುವುದೇ ಕಡಿಮೆ. ಅಪ್ಪನ ಕಿಸೆಯಲ್ಲೇ ಇರುತ್ತದಲ್ಲ! ಇದನ್ನು ಕಂಡುಹಿಡಿಯಲು ಒಂದು ಸುಲಭ ಪರೀಕ್ಷೆ ಇದೆ. ಹುಡುಗನಿಗೆ ತನ್ನ ಮೂರು ಬೆರಳು ಜೋಡಿಸಿ, ಒಂದರ ಮೇಲೆ ಒಂದು ಬರುವಂತೆ ನಿಲ್ಲಿಸಿ ಬಾಯೊಳಗೆ ಇಡಲು ಹೇಳಿ. ಸರಳವಾಗಿ ಹೋಗಬೇಕು. ಹೋಗದಿದ್ದರೆ ಕೆನ್ನೆಯ ಒಳಭಾಗ ಬಿಗಿಯುತ್ತಿದೆ ಅಂತ ಅರ್ಥ. ಅಡಿಕೆಯಿಂದ ಬರುವ ಈ ರೋಗ ಮುಂದೆ ಬಾಯಿ ಕ್ಯಾನ್ಸರ್‌ಗೆ ತಿರುಗಬಹುದು. ಇದಕ್ಕಿಂತ ಮೊದಲೇ ಇನ್ನೊಂದು ಸುಳಿವು ಸಿಗುತ್ತದೆ. ರೊಟ್ಟಿಗೆ ರಂಜಕ ಹಚ್ಚಿ ತಿನ್ನುತ್ತಿದ್ದ ಹುಡುಗ ಇದ್ದಕ್ಕಿದ್ದಂತೆ "ಖಾರ ಒಲ್ಲೆ, ಬಾಯಿ ಉರೀತೈತಿ" ಅಂದರೆ ಟಾರ್ಚ್ ಹಿಡಿದು ಅವನ ಬಾಯಿ ನೋಡಿ. ಕೆನ್ನೆಯೊಳಗೆ ಬೆಳ್ಳಗಾಗಿದ್ದರೆ ದಂತವೈದ್ಯರ ಹತ್ತಿರ ಹೋಗಿ.

ಎರಡನೆಯದು ಮೂಸುವ ನಶೆ. ವೈಟ್ನರ್, ಪಂಕ್ಚರ್ ಸೊಲ್ಯೂಷನ್, ಬಣ್ಣದ ಥಿನ್ನರ್. ದೆಹಲಿಯ ಏಮ್ಸ್ ತಂಡ ದೇಶಾದ್ಯಂತ ಮಾಡಿದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಕಂಡ ನಶೆ ಇದೊಂದೇ. 10ರಿಂದ 17 ವರ್ಷದವರಲ್ಲಿ ಶೇಕಡಾ 1.17, ದೊಡ್ಡವರಲ್ಲಿ ಶೇಕಡಾ 0.58. ಅಂಗಡಿಯವನು ಪ್ರಶ್ನೆ ಕೇಳದೆ ಕೊಡುತ್ತಾನೆ, ಪಾಟಿಚೀಲದಲ್ಲಿ ಇದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಹುಡುಗನ ಉಸಿರಿಗೆ, ಅಂಗಿಗೆ ಪೇಂಟಿನ ವಾಸನೆ, ಮೂಗು-ಬಾಯಿ ಸುತ್ತ ಕೆಂಪು ಗುಳ್ಳೆ, ಒಣಗಿ ಬಿರುಸಾದ ಕರವಸ್ತ್ರ, ಖಾಲಿ ಟ್ಯೂಬು. ಇವು ಕಂಡರೆ ಎಚ್ಚರ ಆಗಿ.

ಮೂರನೆಯದು ಗುಳಿಗೆ ಮತ್ತು ಕೆಮ್ಮಿನ ಸಿರಪ್. ನಿದ್ದೆ ಗುಳಿಗೆ, ಜೋರು ನೋವಿಗೆ ಕೊಡುವ ಗುಳಿಗೆ. ಡಬ್ಬಿ ಇಲ್ಲ, ಚೀಟಿ ಇಲ್ಲ, ಬರೀ ಪಟ್ಟಿ ಸಿಗುತ್ತದೆ. ಪಟ್ಟಿಯ ಮೇಲೆ ಕೆಂಪು ಚೌಕಟ್ಟಿನ ಎಚ್ಚರಿಕೆ ಇದ್ದರೆ ಅದು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದ ಔಷಧ. ಹುಡುಗ ಮಧ್ಯಾಹ್ನ ಕೂತಲ್ಲೇ ತೂಗುತ್ತಾನೆ, ಮಾತು ತೊದಲುತ್ತದೆ. ಕೆಲವರು ಗುಳಿಗೆಯಿಂದ ಸೂಜಿಗೆ ಹೋಗುತ್ತಾರೆ. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲೂ ಹುಡುಗ ತುಂಬುತೋಳಿನ ಅಂಗಿ ಬಿಚ್ಚುವುದಿಲ್ಲ ಅಂದರೆ ಸುಮ್ನೆ ಫ್ಯಾಷನ್ ಅಂತ ಬಿಡಬೇಡಿ.

ಇನ್ನು ಗಾಂಜಾ. ಕಬ್ಬು, ತೊಗರಿ ನಡುವೆ ಬೆಳೆದ ಗಿಡಗಳನ್ನು ಪೊಲೀಸರು ಕಿತ್ತು ತಂದ ಸುದ್ದಿಯನ್ನು ನಮ್ಮ ಪತ್ರಿಕೆಗಳಲ್ಲಿ ನೀವೂ ಓದಿರುತ್ತೀರಿ. ಕೆಂಪು ಕಣ್ಣು, ಅದನ್ನು ಮುಚ್ಚಲು ಕಣ್ಣಿನ ಡ್ರಾಪ್ಸ್, ಸಿಗರೇಟ್ ಸುತ್ತುವ ತೆಳು ಹಾಳೆ, ಹೊತ್ತಲ್ಲದ ಹೊತ್ತಿನ ಹಸಿವು, ಮರೆವು. "ಸಾಧುಗಳು ಸೇದ್ತಾರಲ್ಲ, ಅದು ಗಿಡ ಅಷ್ಟ" ಅಂತ ಹುಡುಗರು ವಾದ ಮಾಡುತ್ತಾರೆ. ಅವರಿಗೆ ಹೇಳಬೇಕಾದ್ದು ಇಷ್ಟು: ಮುಂದಾಲೋಚನೆ ಮಾಡುವ, ಆಸೆಗೆ ಬ್ರೇಕ್ ಹಾಕುವ ಮೆದುಳಿನ ಭಾಗ ಬಲಿಯುವುದೇ ಸುಮಾರು 25ನೇ ವಯಸ್ಸಿಗೆ. 15ಕ್ಕೇ ಸುರು ಮಾಡಿದರೆ ಪೆಟ್ಟು ಬೀಳುವುದು ಆ ಭಾಗಕ್ಕೆ. ಕೆಲವರಿಗೆ ಕಿವಿಯಲ್ಲಿ ದನಿ ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಇದ್ದಾರೆ ಅನ್ನೋ ಸಂಶಯ ಸುರುವಾಗುತ್ತದೆ. ಮನೆತನದಲ್ಲಿ ಯಾರಿಗಾದರೂ ಇಂಥ ಮಾನಸಿಕ ಕಾಯಿಲೆ ಇದ್ದರೆ ಅಪಾಯ ಇನ್ನೂ ಹೆಚ್ಚು.

ಪೆನ್ನಿನಂತೆ ಕಾಣುವ ವೇಪ್, ಅಂದರೆ ಇ-ಸಿಗರೇಟ್ ಕೂಡ ನಮ್ಮ ಊರುಗಳಿಗೆ ಬಂದಿದೆ. ಇದರ ಮಾರಾಟಕ್ಕೆ 2019ರಿಂದ ದೇಶದಲ್ಲೇ ನಿಷೇಧ ಇದೆ.

ಹೆಜ್ಜೆ 2: ಅನುಮಾನವನ್ನೇ ತೀರ್ಪು ಮಾಡಬೇಡಿ

ಹದಿಹರೆಯದ ಮಕ್ಕಳು ಬಾಗಿಲು ಹಾಕಿಕೊಳ್ಳುತ್ತಾರೆ, ಸಿಡುಕುತ್ತಾರೆ, ಮುಂಜಾನೆ ಎಂಟಕ್ಕೂ ಏಳುವುದಿಲ್ಲ. ಇದಿಷ್ಟಕ್ಕೇ ನಶೆ ಅನ್ನಲು ಬರುವುದಿಲ್ಲ. ಒಂದೆರಡು ವಾರ ಗಮನಿಸಿ, ಎಲ್ಲಾದರೂ ಬರೆದಿಡಿ. ನಿದ್ದೆ, ಊಟ, ರೊಕ್ಕ, ಗೆಳೆಯರು, ಶಾಲೆಯ ಹಾಜರಿ. ಇವುಗಳಲ್ಲಿ ಮೂರು-ನಾಲ್ಕು ಒಟ್ಟಿಗೆ ಬದಲಾಗಿದ್ದರೆ ಮುಂದಿನ ಹೆಜ್ಜೆ ಇಡಿ. ಮನೆಯಲ್ಲಿ ಸಣ್ಣ ರೊಕ್ಕ ಕಾಣೆಯಾಗುವುದು, ಹಳೆ ಮೊಬೈಲ್ "ಕಳೆದುಹೋಗುವುದು", ಟ್ಯೂಷನ್ ಫೀ ಟ್ಯೂಷನ್‌ಗೆ ತಲುಪದಿರುವುದು ಉಳಿದೆಲ್ಲಕ್ಕಿಂತ ಜೋರಾದ ಸುಳಿವು.

ಹಾಜರಿ ವಿಷಯ ಶಾಲೆಯಲ್ಲಿ ಕೇಳಿ. ಮನೆಯಲ್ಲಿ ಒಬ್ಬ, ಶಾಲೆಯಲ್ಲಿ ಇನ್ನೊಬ್ಬನಂತೆ ಇರುವ ಹುಡುಗರಿದ್ದಾರೆ.

ಆನ್‌ಲೈನ್‌ನಲ್ಲಿ ಸಿಗುವ ಮೂತ್ರ ಪರೀಕ್ಷೆಯ ಕಿಟ್ ತಂದು ಕದ್ದು ಪರೀಕ್ಷೆ ಮಾಡುವವರೂ ಇದ್ದಾರೆ. ಬೇಡ. ದಿನಾ ಗಾಂಜಾ ಸೇದುತ್ತಿದ್ದವನು ಬಿಟ್ಟು ವಾರಗಳಾದರೂ ಅದರಲ್ಲಿ ತೋರಿಸಬಹುದು. ವೈಟ್ನರ್ ಮೂಸುವವನದು ಆ ಕಿಟ್‌ನಲ್ಲಿ ಕಾಣುವುದೇ ಇಲ್ಲ. ಪರೀಕ್ಷೆ ಬೇಕೋ ಬೇಡವೋ ಡಾಕ್ಟರ್ ಹೇಳಲಿ.

ಇನ್ನೊಂದು ಮಾತು. ಕೆಲವೊಮ್ಮೆ ನಶೆ ಇರುವುದೇ ಇಲ್ಲ. ಪರೀಕ್ಷೆಯ ಭಯ, ಹಾಸ್ಟೆಲಿನಲ್ಲಿ ಯಾರೋ ಕಾಡಿಸುವುದು, ಮುರಿದ ಪ್ರೀತಿ, ಮನಸ್ಸಿನ ಕುಗ್ಗು ಇರುತ್ತದೆ. ಅದಕ್ಕೂ ಹೋಗಬೇಕಾದ್ದು ಅದೇ ಡಾಕ್ಟರ್ ಹತ್ತಿರ. ಹಾಗಾಗಿ ಹೋಗಿದ್ದು ದಂಡ ಆಗುವುದಿಲ್ಲ.

ಹೆಜ್ಜೆ 3: ಹುಡುಗನ ಜೊತೆ ಮಾತಾಡುವ ಮೊದಲು ದೊಡ್ಡವರು ಕೂತು ಮಾತಾಡಿ

ಅಪ್ಪ ಬಯ್ಯುವುದು, ಅವ್ವ ಅಳುವುದು, ಅಜ್ಜಿ ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ಕೊಡುವುದು. ಹೀಗೆ ಮೂವರು ಮೂರು ದಿಕ್ಕು ಆದರೆ ಹುಡುಗ ಅಜ್ಜಿಯ ಹತ್ತಿರ ಹೋಗುತ್ತಾನೆ, ಅಷ್ಟೇ. ಅಜ್ಜಿಗೂ ವಿಷಯ ಹೇಳಿ. ಅವಳಿಗೆ ಹೇಳಬಾರದು ಅಂತ ನಾವು ಯಾಕೆ ಅಂದುಕೊಳ್ಳುತ್ತೇವೋ ಗೊತ್ತಿಲ್ಲ. ಊರಿನ ಎಷ್ಟೋ ಸಂಸಾರದ ಕಥೆ ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಯಾರು ಮಾತಾಡಬೇಕು ಅಂತ ತೀರ್ಮಾನ ಮಾಡಿ. ಅಪ್ಪನೇ ಆಗಬೇಕು ಅಂತಿಲ್ಲ. ಹುಡುಗ ಯಾರ ಮುಂದೆ ಬಾಯಿ ಬಿಡುತ್ತಾನೋ ಅವರು. ಕಾಕಾ, ಅಕ್ಕ, ಕ್ಲಾಸ್ ಟೀಚರ್, ಯಾರಾದರೂ ಸರಿ. ಅಪ್ಪ ತಾನೇ ಮಾವಾ ತಿನ್ನುತ್ತಿದ್ದರೆ ಅಥವಾ ಸಂಜೆ ಕುಡಿಯುತ್ತಿದ್ದರೆ ಅದನ್ನು ಈ ಹೊತ್ತಿಗೇ ಒಪ್ಪಿಕೊಳ್ಳುವುದು ಒಳ್ಳೆಯದು. ಹುಡುಗ ಮೊದಲು ಎತ್ತುವ ಮಾತೇ ಅದು.

ಹೆಜ್ಜೆ 4: ಮಾತು

ಹುಡುಗ ನಶೆಯಲ್ಲಿ ಇದ್ದಾಗ ಮಾತು ಬೇಡ. ಅವತ್ತು ಮಲಗಲಿ, ಉಸಿರಾಟ ಸರಿ ಇದೆಯಾ ನೋಡುತ್ತಿರಿ. ಮಾತು ಮರುದಿನ. ನೆಂಟರ ಮುಂದೆ ಬೇಡ, ತಂಗಿ-ತಮ್ಮಂದಿರ ಮುಂದೆ ಬೇಡ. ಎದುರುಬದುರು ಕೂರಿಸಿಕೊಂಡರೆ ಅದು ವಿಚಾರಣೆ ಆಗುತ್ತದೆ. ಹೊಲಕ್ಕೆ ನೀರು ಹಾಯಿಸಲು ಹೋದಾಗ, ಗಾಡಿ ಮೇಲೆ ಇಬ್ಬರೇ ಹೋಗುವಾಗ, ಕಣ್ಣಲ್ಲಿ ಕಣ್ಣಿಡದೆ ಪಕ್ಕಪಕ್ಕ ಇದ್ದಾಗ ಮಾತು ಸಲೀಸಾಗಿ ಬರುತ್ತದೆ.

ಕಂಡದ್ದನ್ನು ಹೇಳಿ, ಒಂದು ಪ್ರಶ್ನೆ ಕೇಳಿ, ಸುಮ್ಮನಾಗಿ. ಹೀಗೆ:

"ತಮ್ಮಾ, ನಿನ್ನ ಪ್ಯಾಂಟಿನ ಕಿಸೇದಾಗ ಗುಳಿಗಿ ಪಟ್ಟಿ ಸಿಕ್ಕತು. ನಾ ಬಡ್ಯಾಕ ಬಂದಿಲ್ಲ. ಎಷ್ಟ ದಿನದಿಂದ ತಗೊಳ್ಳಾಕತ್ತಿ?"

"ನಂದಲ್ಲಪಾ ಅದು. ಗೆಳ್ಯಾಂದು."

"ಇರವಲ್ದ್ಯಾಕ, ಗೆಳ್ಯಾಂದ ಇರಲಿ. ಅವಗ ನಿದ್ದಿ ಬರೂದಿಲ್ಲೇನು? ಯಾಕ ತಗೋತಾನ ಅಂವಾ?"

ಇಲ್ಲಿ ಬಹಳ ಅಪ್ಪಂದಿರು "ಸುಳ್ಳ ಹೇಳ್ತಿ ಮಗನ" ಅಂತ ಕೈ ಎತ್ತುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಗೆಳೆಯನದೇ ಅಂತ ಒಪ್ಪಿಕೊಂಡರೆ ಹುಡುಗ ಗೆಳೆಯನ ಹೆಸರಲ್ಲಿ ತನ್ನ ಕಥೆಯನ್ನೇ ಹೇಳಲು ಸುರು ಮಾಡುತ್ತಾನೆ. ಯಾವಾಗ ಸುರುವಾಯಿತು, ಎಲ್ಲಿ ಸಿಗುತ್ತದೆ, ಬಿಟ್ಟರೆ ಏನಾಗುತ್ತದೆ, ಯಾರಿಗೆ ಎಷ್ಟು ರೊಕ್ಕ ಕೊಡಬೇಕು. ಕೊನೆಗೆ ಇಷ್ಟು ಹೇಳಿ: "ಆ ಗೆಳ್ಯಾಗಾಗ್ಲಿ ನಿನಗಾಗ್ಲಿ, ಡಾಕ್ಟರ್ ಕಡೆ ನಾನ ಕರ್ಕೊಂಡ ಹೋಗ್ತೀನಿ. ಮನ್ಯಾಗ ಯಾರೂ ಬಡ್ಯಾಂಗಿಲ್ಲ." ಅವತ್ತಿಗೆ ಅಷ್ಟು ಸಾಕು.

ಉದ್ರಿ ವಿಷಯ ಕೇಳುವುದನ್ನು ಮರೆಯಬೇಡಿ. ಮಾಲು ಕೊಡುವವನಿಗೆ ಹುಡುಗ ಸಾಲ ಮಾಡಿಕೊಂಡಿದ್ದರೆ ಆ ಸಾಲ ತೀರಿಸಲು ಅವನ ಕೈಯಲ್ಲೇ ಪೊಟ್ಟಣ ಹಂಚಿಸುತ್ತಾರೆ. ಸೇದುವ ಹುಡುಗ ಮಾರುವ ಹುಡುಗ ಆಗುವುದು ಹೀಗೆ.

ಆಣೆ ಮಾಡಿಸಬೇಡಿ. ಚಟ ಹತ್ತಿದವನು ಆಣೆ ಮುರಿಯುವ ಸಾಧ್ಯತೆಯೇ ಜಾಸ್ತಿ. ಮುರಿದ ಮೇಲೆ ಅವನು ನಿಮ್ಮಿಂದ ಇನ್ನೂ ದೂರ ಹೋಗುತ್ತಾನೆ, ದೇವರ ಅಂಜಿಕೆ ಬೇರೆ.

ಹೆಜ್ಜೆ 5: ತುರ್ತು ಇದ್ದರೆ ಮೇಲಿನದೆಲ್ಲ ಬಿಟ್ಟು 108ಕ್ಕೆ ಫೋನ್ ಮಾಡಿ

ಎಬ್ಬಿಸಿದರೂ ಏಳುತ್ತಿಲ್ಲ, ಉಸಿರು ನಿಧಾನ ಆಗಿದೆ, ತುಟಿ ನೀಲಿ ತಿರುಗಿದೆ, ಫಿಟ್ಸ್ ಬಂದಿದೆ. ಇದು ಆಸ್ಪತ್ರೆಯ ಕೆಲಸ. ಗಾಡಿ ಬರುವವರೆಗೆ ಅವನನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ವಾಂತಿ ಗಂಟಲಿಗೆ ಸಿಗಬಾರದು. ಮಜ್ಜಿಗೆ, ನಿಂಬೆಹಣ್ಣು, ಉಪ್ಪುನೀರು ಏನನ್ನೂ ಬಾಯಿಗೆ ಹಾಕಬೇಡಿ. ಸಿಕ್ಕ ಪಟ್ಟಿ, ಬಾಟಲಿ ಜೊತೆಗೆ ಒಯ್ಯಿರಿ. ಅಲ್ಲಿ "ಊಟ ಹೆಚ್ಚು ಕಡಿಮೆ ಆಗೈತ್ರಿ" ಅಂತ ಸುಳ್ಳು ಹೇಳಿದರೆ ಡಾಕ್ಟರ್ ಬೇರೆಯದಕ್ಕೆ ಚಿಕಿತ್ಸೆ ಕೊಡುತ್ತಾ ಕೂರಬೇಕಾಗುತ್ತದೆ. ಮರ್ಯಾದೆಗೆ ಅಂಜಿ ಹೇಳಿದ ಈ ಒಂದು ಸುಳ್ಳಿನಿಂದ ಜೀವ ಹೋಗಬಹುದು.

ವೈಟ್ನರ್, ಸೊಲ್ಯೂಷನ್ ಮೂಸುತ್ತಿರುವ ಹುಡುಗ ಕಣ್ಣಿಗೆ ಬಿದ್ದರೆ ಕೂಗಿ ಹೆದರಿಸಬೇಡಿ, ಬೆನ್ನಟ್ಟಬೇಡಿ. ಆ ರಾಸಾಯನಿಕ ಒಳಗಿದ್ದಾಗ ಗಾಬರಿಯಿಂದ ಓಡಿದರೆ ಹೃದಯದ ಬಡಿತ ತಪ್ಪಿ ಅಲ್ಲೇ ಸಾವು ಬರಬಹುದು. ಮೊದಲ ಸಲ ಮೂಸಿದವನಿಗೂ ಹೀಗಾಗಬಹುದು. ಮೆಲ್ಲಗೆ ಮಾತಾಡಿಸಿ ಕೂರಿಸಿ, ಗಾಳಿ ಆಡುವಂತೆ ಮಾಡಿ, ಹತ್ತಿರದಲ್ಲಿ ಬೆಂಕಿ, ಬೀಡಿ ಇರಬಾರದು. ಓಣಿಯ ಹಿರಿಯರಿಗೂ ಬೀಟ್ ಪೊಲೀಸರಿಗೂ ಇದನ್ನು ತಿಳಿಸಿ ಹೇಳಿ.

ನಿದ್ದೆ ಗುಳಿಗೆಯ ಚಟ ಇದ್ದರೆ "ಇವತ್ತಿಂದ ಬಂದ್" ಅಂತ ಪಟ್ಟಿ ಕಸಿದು ಒಲೆಗೆ ಹಾಕಬೇಡಿ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ದಿನಾ ಜೋರು ಕುಡಿಯುವವನ ಮಾತೂ ಹೀಗೇ. ಹಂತಹಂತವಾಗಿ ಇಳಿಸುವುದು ಡಾಕ್ಟರ್ ಕೆಲಸ.

ಹುಡುಗ ಸಾಯುವ ಮಾತು ಆಡಿದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮದು ಒಕ್ಕಲುತನದ ಮನೆಗಳು, ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿ ಅಟ್ಟದ ಮೇಲೋ ದನದ ಕೊಟ್ಟಿಗೆಯಲ್ಲೋ ಇದ್ದೇ ಇರುತ್ತದೆ. ಕ್ರಿಮಿನಾಶಕವನ್ನು ಅವತ್ತೇ ಮನೆಯಿಂದ ಹೊರಗೆ ಸಾಗಿಸಿ ಕೀಲಿ ಹಾಕಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ರೊಕ್ಕ ಕೊಡಬೇಕಿಲ್ಲ.

ಹೆಜ್ಜೆ 6: ದವಾಖಾನೆಗೆ ಹೋಗುವುದು

ಇಲ್ಲಿಯೇ ಜಾಸ್ತಿ ಜನ ನಿಂತುಬಿಡುತ್ತಾರೆ. "ಹುಚ್ಚರ ಡಾಕ್ಟರ್ ಕಡೆ ಹೋಗೂದಾ?" ಹೌದು, ಮನೋವೈದ್ಯರ ಕಡೆಯೇ ಹೋಗಬೇಕು. ಚಟ ಬಿಡಿಸುವುದನ್ನು ಓದಿ ಬಂದವರು ಅವರೇ.

ದೂರ ಹೋಗಬೇಕಾಗಿಲ್ಲ. ವಿಜಯಪುರ, ಬಾಗಲಕೋಟೆ ಜಿಲ್ಲಾ ಆಸ್ಪತ್ರೆಗಳಲ್ಲಿ, ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜು ಬಿಮ್ಸ್‌ನಲ್ಲಿ ಮಾನಸಿಕ ಆರೋಗ್ಯ ವಿಭಾಗ ಇದೆ. ಮೂರೂ ಊರುಗಳಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳಿವೆ, ಅಲ್ಲಿಯೂ ಈ ವಿಭಾಗ ಇರುತ್ತದೆ. ಅಥಣಿ, ಇಂಡಿ, ಜಮಖಂಡಿ ಕಡೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದ ಬಗ್ಗೆ ಕೇಳಿ. ಮಂಗಳವಾರ ಮನೋವೈದ್ಯರು ತಾಲ್ಲೂಕಿಗೇ ಬರುವ ವ್ಯವಸ್ಥೆ ಅದು. ಹೊರಡುವ ಮೊದಲು ಆ ವಾರ ಬರುತ್ತಾರಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ದೊಡ್ಡ ತೊಂದರೆ ಆದರೆ ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಎಲ್ಲಿಗೆ ಹೋಗಬೇಕು ಅಂತಲೇ ತಿಳಿಯದಿದ್ದರೆ ಚಟ ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 14446. ಬರೀ ತಂಬಾಕು, ಗುಟ್ಕಾ ಆದರೆ 1800-11-2356.

ಸಂತೆ ದಿನ ಹೋಗಬೇಡಿ, ಊರ ಮಂದಿ ಎಲ್ಲಾ ಅಲ್ಲೇ ಇರುತ್ತಾರೆ. ತಮಾಷೆ ಅಲ್ಲ, ಇಂಥ ಸಣ್ಣ ಕಾರಣಕ್ಕೆ ಹುಡುಗರು ಬಸ್ ಸ್ಟ್ಯಾಂಡಿನಿಂದಲೇ ತಿರುಗಿ ಹೋಗುತ್ತಾರೆ. ಮುಂಜಾನೆ ಹೊರರೋಗಿ ಚೀಟಿ ಕೊಡುವ ಹೊತ್ತಿಗೆ ಮುಟ್ಟಿ. ಆಧಾರ್, ರೇಷನ್ ಕಾರ್ಡ್, ಹಳೆ ಚೀಟಿಗಳು, ಮನೆಯಲ್ಲಿ ಸಿಕ್ಕ ಗುಳಿಗೆ ಪಟ್ಟಿ ಒಯ್ಯಿರಿ. ಕೌಂಟರಿನಲ್ಲಿ ಕಾರಣ ವಿವರಿಸಬೇಕಿಲ್ಲ, "ಮಾನಸಿಕ ವಿಭಾಗಕ್ಕ ಚೀಟಿ ಕೊಡ್ರಿ" ಅಂದರೆ ಸಾಕು. ಹುಡುಗಿ ಆದರೆ ಮಹಿಳಾ ಡಾಕ್ಟರ್ ಇದ್ದಾರಾ ಅಂತ ಕೇಳಲು ನಾಚಬೇಡಿ.

ಡಾಕ್ಟರ್ ಸ್ವಲ್ಪ ಹೊತ್ತು ನಿಮ್ಮನ್ನು ಹೊರಗೆ ಕಳಿಸಿ ಹುಡುಗನ ಜೊತೆ ಒಬ್ಬರೇ ಮಾತಾಡಬಹುದು. ಕಳಿಸಿದರೆ ಹೋಗಿ. ಬಾಗಿಲಿಗೆ ಕಿವಿ ಇಡಬೇಡಿ. ಏನು, ಎಷ್ಟು, ಎಷ್ಟು ದಿನದಿಂದ ಅಂತ ಕೇಳುತ್ತಾರೆ, ನಿದ್ದೆ-ಮನಸ್ಸು ಹೇಗಿದೆ ನೋಡುತ್ತಾರೆ, ಬೇಕಾದರೆ ರಕ್ತ, ಮೂತ್ರ ಪರೀಕ್ಷೆ. ಬಹಳ ಮಕ್ಕಳಿಗೆ ಅಡ್ಮಿಟ್ ಆಗುವ ಅಗತ್ಯವೇ ಇರುವುದಿಲ್ಲ, ಬಂದು ಹೋಗಿ ಮಾಡಿದರೆ ನಡೆಯುತ್ತದೆ. ಅಡ್ಮಿಟ್ ಮಾಡಬೇಕಾಗಿ ಬಂದರೆ 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಮ್ಮ ಬೆನ್ನಿಗಿದೆ. 18ರ ಒಳಗಿನವರನ್ನು ದೊಡ್ಡವರಿಂದ ಬೇರೆ ಇಡಬೇಕು, ಮನೆಯವರೊಬ್ಬರು ಜೊತೆಗೆ ಇರಬೇಕು, ರೋಗಿಯ ವಿಷಯ ಗುಟ್ಟಾಗಿ ಇಡಬೇಕು.

ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವವರು ಒಳಗೆ ಕಾಲಿಡುವ ಮೊದಲೇ ಕೇಳಿ: ನೋಂದಣಿ ಪತ್ರ ತೋರಿಸ್ತೀರಾ? ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರ್ತಾರೆ? ಸಣ್ಣ ಹುಡುಗರನ್ನು ಎಲ್ಲಿ ಮಲಗಿಸ್ತೀರಿ? "ಮೂರು ತಿಂಗಳು ಭೇಟಿ ಇಲ್ಲ, ಫೋನ್ ಇಲ್ಲ, ರೊಕ್ಕ ಮೊದಲೇ ಕಟ್ಟಬೇಕು" ಅಂದರೆ ನಾನಾದರೆ ಅಲ್ಲಿ ಒಂದು ಗಂಟೆಯೂ ಬಿಡುವುದಿಲ್ಲ. ಹೊಡೆದು ಬಡಿದು, ಕಟ್ಟಿಹಾಕಿ ಚಟ ಬಿಡಿಸುವ ಜಾಗಗಳಿಂದ ಮಕ್ಕಳು ಇನ್ನೊಂದು ಗಾಯ ಹೊತ್ತು ಬರುತ್ತಾರೆ.

ಹೆಜ್ಜೆ 7: ಪೊಲೀಸರ ಭಯ

"ಡಾಕ್ಟರಿಗೆ ಹೇಳಿದರ ಕೇಸ್ ಆಗೂದಿಲ್ಲೇನ್ರಿ?" ಎಲ್ಲರೂ ಕೇಳುತ್ತಾರೆ. ಮಾದಕ ವಸ್ತುಗಳ ಕಾಯ್ದೆ 1985ರದು, ನಶೆ ಮಾಡುವುದೂ ಅದರಲ್ಲಿ ಅಪರಾಧವೇ. ಆದರೆ ಅದೇ ಕಾಯ್ದೆಯ 64ಎ ಕಲಮು ಓದಿ. ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆ ತೆಗೆದುಕೊಂಡರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಮಾರಾಟಕ್ಕೆ ಇಳಿದರೆ ಕಥೆಯೇ ಬೇರೆ.

18 ತುಂಬದ ಹುಡುಗ ಸಿಕ್ಕಿಬಿದ್ದರೂ ಅವನನ್ನು ಲಾಕಪ್‌ನಲ್ಲಿ, ಜೈಲಿನಲ್ಲಿ ಇಡುವಂತಿಲ್ಲ. ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅವನ ಹೆಸರು, ಫೋಟೋ, ಶಾಲೆಯ ಹೆಸರು ಹೊರಗೆ ಹಾಕುವುದು 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಅಪರಾಧ. ಊರ ವಾಟ್ಸಾಪ್ ಗ್ರೂಪಿನಲ್ಲಿ "ಗಾಂಜಾ ಹೊಡೆಯುವಾಗ ಸಿಕ್ಕ ಹುಡುಗರು" ಅಂತ ವಿಡಿಯೋ ಹಂಚುವ ಹಿರಿಯರು ಇದನ್ನು ಓದಿಕೊಂಡರೆ ಒಳ್ಳೆಯದು.

ಈ ನಾಲ್ಕು ಮಾಡಬೇಡಿ

ಗೋಡೆಯ ಮೇಲೆ, ಬಸ್ಸಿನ ಹಿಂದೆ "ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕೊಡಿ" ಅನ್ನೋ ಜಾಹೀರಾತು ಇರುತ್ತದಲ್ಲ, ಆ ಪುಡಿ ತರಬೇಡಿ. ಅದರಲ್ಲಿ ಏನಿದೆ ಅಂತ ಮಾರುವವನಿಗೂ ಗೊತ್ತಿರುವುದಿಲ್ಲ. ಕುಡಿತ ಬಿಡಿಸಲು ಡಾಕ್ಟರುಗಳು ಕೊಡುವ ಡೈಸಲ್ಫಿರಾಮ್ ಅನ್ನೋ ಗುಳಿಗೆ ಇದೆ. ಅದನ್ನೇ ಕದ್ದು ಹಾಕಿದರೆ, ತಿಳಿಯದೆ ಕುಡಿದವನಿಗೆ ವಾಂತಿ ಆಗಿ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು.

"ಲಗ್ನ ಮಾಡಿದರ ಹಾದಿಗೆ ಬರ್ತಾನ" ಅನ್ನೋದು ಎರಡನೆಯದು. ನನಗೆ ಇದರಷ್ಟು ಸಿಟ್ಟು ಬರಿಸುವ ಮಾತು ಬೇರೆ ಇಲ್ಲ. ಹುಡುಗನಿಗೆ 21, ಹುಡುಗಿಗೆ 18 ಆಗುವ ಮೊದಲು ಅದು ಕಾನೂನಿಗೆ ವಿರುದ್ಧ. ಆದ ಮೇಲೂ, ನೀವು ಹೆತ್ತವರೇ ಬಿಡಿಸಲಾಗದ ಚಟವನ್ನು ಬೇರೆಯವರ ಮಗಳು ಬಂದು ಬಿಡಿಸಬೇಕಾ? ಅವಳ ಬಂಗಾರ ಅಡವಿಗೆ ಹೋಗುತ್ತದೆ, ಆಮೇಲೆ ಕೂಸು ಹುಟ್ಟುತ್ತದೆ. ಒಬ್ಬನ ಚಟಕ್ಕೆ ಎರಡು ಮನೆತನ ಹಾಳು.

ಶಾಲೆ ಬಿಡಿಸಿ ಗೋವಾಕ್ಕೋ ಪುಣೆಗೋ ದುಡಿಯಲು ಕಳಿಸುವುದು ಮೂರನೆಯದು. ಅಲ್ಲಿ ಕೈಯಲ್ಲಿ ರೊಕ್ಕ ಇರುತ್ತದೆ, ಕೇಳುವವರು ಇರುವುದಿಲ್ಲ. ನಾಲ್ಕನೆಯದು ನಮ್ಮ ಶಾಲೆಗಳಿಗೆ ಹೇಳುವ ಮಾತು. ಸಿಕ್ಕ ಹುಡುಗನಿಗೆ ಟಿ.ಸಿ. ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಶಾಲೆ ತಪ್ಪಿದರೆ ಅವನಿಗೆ ದಿನವಿಡೀ ಉಳಿಯುವುದು ಆ ಕಟ್ಟೆಯೊಂದೇ.

ಹೆಜ್ಜೆ 8: ಬಿಟ್ಟ ಮೇಲಿನ ದಿನಗಳು

ನಮ್ಮ ಬಾಗಲಕೋಟೆ ಜಿಲ್ಲೆಯ ಇಳಕಲ್‌ನಲ್ಲಿ ಡಾ. ಮಹಾಂತ ಸ್ವಾಮಿಗಳು ಇದ್ದರು. 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿದರು. ಕಾಳು ಬೇಡಲಿಲ್ಲ, "ನಿಮ್ಮ ಚಟ ನನ್ನ ಜೋಳಿಗೆಗೆ ಹಾಕ್ರಿ" ಅಂತ ಬೇಡಿದರು. ಜನ ಬೀಡಿ, ಗುಟ್ಕಾ ತಂದು ಹಾಕಿ ಅಲ್ಲೇ ಬಿಟ್ಟೆವು ಅಂದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಮಹಾಂತ ಜೋಳಿಗೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು, ನಾವು ಮನೆಯೊಳಗೆ ಬಚ್ಚಿಡುವ ವಿಷಯವನ್ನು ಅವರು ಊರ ನಡುವೆ, ಯಾರಿಗೂ ನಾಚಿಕೆ ಆಗದಂತೆ ತೆರೆದಿಟ್ಟರು ಅನ್ನೋದು. ಹುಡುಗನಿಗೆ ಮಠದಲ್ಲಿ ನಂಬಿಕೆ ಇದ್ದರೆ ಖಂಡಿತ ಕರೆದುಕೊಂಡು ಹೋಗಿ. ಗುಳಿಗೆ, ಸೂಜಿ, ಜೋರು ಕುಡಿತ ಇದ್ದರೆ ಮಾತ್ರ ಮೊದಲು ಡಾಕ್ಟರ್, ಆಮೇಲೆ ಜೋಳಿಗೆ.

ಸಂಜೆ ಐದರಿಂದ ಎಂಟು ಗಂಟೆ ಕಷ್ಟದ ಹೊತ್ತು. ಆ ಹೊತ್ತಿಗೆ ಕೆಲಸ ಇರಬೇಕು. ಗರಡಿಮನೆ, ಕಬಡ್ಡಿ, ಹಾಲು ಡೇರಿಗೆ ಹಾಕಿ ಬರುವುದು, ಏನಾದರೂ ಸರಿ. ಕೈಗೆ ರೊಕ್ಕ ಕಡಿಮೆ ಕೊಡಿ, ಬೇಕಾದ ವಸ್ತು ಕೊಡಿಸಿ. ಪ್ರತಿದಿನ ಕಿಸೆ ತಡಕಬೇಡಿ. ತಂಗಿ-ತಮ್ಮಂದಿರಿಗೂ ಒಂದು ಗಂಟೆ ಉಳಿಸಿಕೊಳ್ಳಿ, ಅಣ್ಣನ ಗದ್ದಲದಲ್ಲಿ ಅವರನ್ನು ಯಾರೂ ಮಾತಾಡಿಸಿರುವುದಿಲ್ಲ.

ಮತ್ತೆ ಜಾರುತ್ತಾನೆ. ಒಮ್ಮೆಯಾದರೂ ಜಾರುವವರೇ ಜಾಸ್ತಿ. ಸಕ್ಕರೆ ಕಾಯಿಲೆಯವರು ಹೋಳಿಗೆ ತಿಂದು ಶುಗರ್ ಏರಿಸಿಕೊಂಡು ಬಂದರೆ ನಾವು ಮನೆಯಿಂದ ಹೊರಹಾಕುತ್ತೇವಾ? ಮತ್ತೆ ಡಾಕ್ಟರ್ ಹತ್ತಿರ ಹೋಗುತ್ತೇವೆ. ಇಲ್ಲೂ ಹಾಗೇ. ಒಂದು ಅಪಾಯ ಮಾತ್ರ ಹುಡುಗನಿಗೆ ಬಿಡಿಸಿ ಹೇಳಿ. ನೋವಿನ ಗುಳಿಗೆ, ಸೂಜಿಯ ನಶೆ ಬಿಟ್ಟು ಸ್ವಲ್ಪ ದಿನ ಆದ ಮೇಲೆ ಮೈ ಆ ಹಳೆಯ ಪ್ರಮಾಣ ತಡೆಯುವುದಿಲ್ಲ. ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು.

ಹೆಜ್ಜೆ 9: ಮಾರುವವನ ವಿಷಯ

ನಿಮ್ಮ ಮಗ ಬಿಟ್ಟ ಅಂತ ಆ ಅಂಗಡಿ ಮುಚ್ಚುವುದಿಲ್ಲ. ಮುಂದೆ ಪಕ್ಕದ ಮನೆ ಹುಡುಗ. ಆಮೇಲೆ ಓಣಿಯಲ್ಲಿ ಬೈಕಿನ ಪೆಟ್ರೋಲ್ ಕದಿಯುವುದು, ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸುವುದು, ಜಾತ್ರೆಯಲ್ಲಿ ಚಾಕು ತೆಗೆಯುವುದು. ಹೆಣ್ಣುಮಕ್ಕಳನ್ನು ಸಂಜೆ ಟ್ಯೂಷನ್‌ಗೆ ಕಳಿಸಲು ಅಂಜಿ ಶಾಲೆ ಬಿಡಿಸುವವರೆಗೆ ಇದು ಬರುತ್ತದೆ.

ಮಗುವಿಗೆ ಮದ್ಯ, ಮಾದಕ ವಸ್ತು, ತಂಬಾಕು ಕೊಟ್ಟವರಿಗೆ ಬಾಲ ನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ 7 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷದವರೆಗೆ ದಂಡ ಇದೆ. ಮಕ್ಕಳ ಕೈಯಲ್ಲಿ ಇಂಥದ್ದನ್ನು ಮಾರಿಸಿದರೆ, ಸಾಗಿಸಿದರೆ 78ನೇ ಕಲಮು, ಅಷ್ಟೇ ಶಿಕ್ಷೆ. ಕರ್ನಾಟಕ ತಿದ್ದಿದ ತಂಬಾಕು ಕಾನೂನಿನಲ್ಲಿ 21 ತುಂಬದವರಿಗೆ ಮಾರುವಂತಿಲ್ಲ, ಶಾಲೆಯಿಂದ 100 ಮೀಟರ್ ಒಳಗಂತೂ ಮಾರುವಂತೆಯೇ ಇಲ್ಲ.

ನೀವೇ ಹೋಗಿ ಜಗಳ ತೆಗೆಯಬೇಡಿ. ಮಾದಕ ವಸ್ತುವಿನ ಮಾಹಿತಿ ಕೊಡಲು 1933, ನಿಮ್ಮ ಹೆಸರು ಹೊರಗೆ ಬರುವುದಿಲ್ಲ. ಕೂಡಲೇ ಪೊಲೀಸ್ ಬೇಕಾದರೆ 112. ಮಗು ಅಪಾಯದಲ್ಲಿದ್ದರೆ 1098. ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಮಾಡಬೇಕು ಅಂತ ನಿಯಮ ಇದೆ. ಶಾಲೆ ಪಕ್ಕದ ಅಂಗಡಿಯ ವಿಷಯ ಅಲ್ಲಿ ಮಕ್ಕಳ ಬಾಯಿಂದಲೇ ಬಂದರೆ ಪಿಡಿಒ ಅದನ್ನು ನಡಾವಳಿಯಲ್ಲಿ ಬರೆಯಲೇಬೇಕಾಗುತ್ತದೆ.

ಚೀಟಿ ಇಲ್ಲದೆ ಗುಳಿಗೆ ಕೊಡುವ ಮೆಡಿಕಲ್ ಮೇಲೆ ಜಿಲ್ಲೆಯ ಔಷಧ ನಿಯಂತ್ರಣ ಇಲಾಖೆಯ ಕಚೇರಿಗೆ ದೂರು ಕೊಡಬಹುದು. ಅರ್ಜಿಯಲ್ಲಿ "ಮಕ್ಕಳು ಹಾಳಾಗುತ್ತಿದ್ದಾರೆ" ಅಂತ ಪುಟಗಟ್ಟಲೆ ಬರೆದರೆ ಪ್ರಯೋಜನ ಕಡಿಮೆ. ಅಂಗಡಿ ಇರುವ ಜಾಗ, ದಿನಾಂಕ, ಹೊತ್ತು, ಪಟ್ಟಿಯ ಮೇಲಿನ ಔಷಧದ ಹೆಸರು ಮತ್ತು ಬ್ಯಾಚ್ ನಂಬರ್ ಬರೆಯಿರಿ, ಪಟ್ಟಿಯ ಎರಡೂ ಬದಿಯ ಫೋಟೋ ಲಗತ್ತಿಸಿ. ನಿದ್ದೆ ಗುಳಿಗೆಯಂಥ ಔಷಧ ಮಾರಿದರೆ ಡಾಕ್ಟರ್ ಹೆಸರು, ರೋಗಿಯ ಹೆಸರು, ಕೊಟ್ಟ ಲೆಕ್ಕ ಎಲ್ಲವನ್ನೂ ಅಂಗಡಿಯವನು ಬೇರೆಯೇ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಟ್ಟಿರಬೇಕು. ಇನ್ಸ್‌ಪೆಕ್ಟರ್ ಬಂದಾಗ ಮೊದಲು ಆ ರಿಜಿಸ್ಟರ್ ತೆಗೆಸಲಿ ಅಂತ ಅರ್ಜಿಯ ಕೊನೆಯಲ್ಲಿ ಒಂದು ಸಾಲು ಸೇರಿಸಿ, ಸ್ವೀಕೃತಿಯ ಸಿಕ್ಕೆ ಹಾಕಿಸಿಕೊಂಡು ಬನ್ನಿ.